ಯಾರೂ ನೋಡದ ನಿಮಿಷ

ಎಚ್ಚರವಾದ ಮೇಲೂ ಅವನು ಕಣ್ಣು ಬಿಡಲಿಲ್ಲ. ಬಿಡುವುದಕ್ಕೆ ಒಂದು ಕ್ರಮವಿತ್ತು. ಮೊದಲು ಮುಚ್ಚಿದ ರೆಪ್ಪೆಯೊಳಗೇ ಗುಡ್ಡೆಯನ್ನು ಎಡಕ್ಕೂ ಬಲಕ್ಕೂ ಹೊರಳಿಸಬೇಕು. ಆಮೇಲೆ ದಿಂಬಿನ ಪಕ್ಕ ತಡಕಿ ಔಷಧಿಯ ಪುಟ್ಟ ಸೀಸೆಯನ್ನು ಹುಡುಕಿ, ಕಣ್ಣಿನ ಮೂಲೆಗೆ ಎರಡು ಹನಿ ಬಿಟ್ಟು, ಅದು ತಾನಾಗಿ ಸಂದಿ ಹುಡುಕಿಕೊಂಡು ಒಳಗಿಳಿಯುವವರೆಗೆ ಕಾಯಬೇಕು. ಅವಸರಪಟ್ಟು ಬಿಟ್ಟರೆ ಒಣಗಿದ ರೆಪ್ಪೆ ಗುಡ್ಡೆಯನ್ನು ಕೆರೆದುಕೊಂಡೇ ಮೇಲೇಳುತ್ತಿತ್ತು. ಅವತ್ತಿಡೀ ಕಣ್ಣೊಳಗೆ ಮರಳು. ಕಣ್ಣಾದ ಮೇಲೆ ಕಾಲಿನ ಸರದಿ. ಮಲಗಿದವನು ಎದ್ದು ಕೂರುವುದಕ್ಕೆ ಎರಡು ನಿಮಿಷ, ಕೂತವನು ಕಾಲು ಇಳಿಬಿಡುವುದಕ್ಕೆ ಎರಡು ನಿಮಿಷ, ತೊಡೆಯವರೆಗೆ ಬರುವ ಬಿಗಿ ಕಾಲುಚೀಲ ಏರಿಸುವುದಕ್ಕೆ ಐದು, ಹೆಂಡತಿ ತಂದಿಟ್ಟ ಉಪ್ಪುನೀರಿನ ದೊಡ್ಡ ಲೋಟ ಮುಗಿಸುವುದಕ್ಕೆ ಇನ್ನೈದು. ಊರಿನವರೆಲ್ಲ ಹಾಸಿಗೆಯಿಂದ ಏಳುತ್ತಾರೆ. ಅವನು ಕಂತಿನಲ್ಲಿ ಏಳುತ್ತಿದ್ದ. ದಿನವೂ ಈ ಹೊತ್ತಿಗೆ ಹೆಂಡತಿ ಬಾಗಿಲಲ್ಲಿ ನಿಂತು, "ಮಹಾರಾಜರು ಎದ್ರಾ, ಇನ್ನೂ ಮೆರವಣಿಗೆ ನಡೀತಾ ಇದೆಯಾ?" ಎಂದು ಕೇಳುತ್ತಿದ್ದಳು. ಇವತ್ತು ಕೇಳಲಿಲ್ಲ. ಲೋಟ ಇಟ್ಟು, ಅವನ ಅಂಗಿಯ ಕಾಲರನ್ನು ಸುಮ್ಮನೆ ಸರಿಮಾಡಿ ಒಳಗೆ ಹೋದಳು. ಹನ್ನೊಂದು ಗಂಟೆ ಅವಳಿಗೂ ನೆನಪಿದೆ ಅಂತ ಅವನಿಗೆ ಗೊತ್ತಾಯಿತು.

ಹನ್ನೊಂದು ಗಂಟೆಗೆ ಅವನೂ, ಜೊತೆಗೆ ಕೆಲಸ ಮಾಡುವ ಅಕ್ಕನೂ ಕಾರ್ಖಾನೆಯ ಕ್ವಾಲಿಟಿ ಸಾಹೇಬರ ಕೋಣೆಗೆ ಹೋಗಬೇಕಿತ್ತು. ಏಳು ಬಾಟಲಿಗಳ ವಿಚಾರ. ಆ ಏಳು ಬಾಟಲಿ ಅಕ್ಕನ ಲೆಕ್ಕಕ್ಕೆ ಬಿದ್ದಿದ್ದವು, ಆದರೆ ಅವು ಅಕ್ಕನವಲ್ಲ ಎಂದು ಜಗತ್ತಿನಲ್ಲಿ ಇಬ್ಬರಿಗೆ ಗೊತ್ತಿತ್ತು. ಒಬ್ಬಳು ಅಕ್ಕ. ನಿನ್ನೆ ಗೇಟಿನ ಹತ್ತಿರ ಅವಳು ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸುತ್ತ, "ನಾಳೆ ನೀನು ಸುಮ್ನಿರು. ನಾನು ನೋಡ್ಕೋತೀನಿ," ಎಂದಿದ್ದಳು. ಅಷ್ಟೇ ಹೇಳಿ ಬಸ್ಸು ಹತ್ತಿ ಹೋಗಿದ್ದಳು. ರಾತ್ರಿ ಊಟ ಮಾಡುವಾಗ, ಹಲ್ಲುಜ್ಜುವಾಗ, ಮಲಗುವ ಮುಂಚೆ ಕಣ್ಣಿಗೆ ಮುಲಾಮು ಹಚ್ಚಿಕೊಳ್ಳುವಾಗ ಅವನಿಗೆ ಆ ಮಾತೇ ಮತ್ತೆ ಮತ್ತೆ ಕೇಳುತ್ತಿತ್ತು. ಯಾರ ಹಂಗಿನಲ್ಲಾದರೂ ಬದುಕಬಹುದು, ದೊಡ್ಡ ಮನಸ್ಸಿನವರ ಹಂಗಿನಲ್ಲಿ ಬದುಕುವುದು ಕಷ್ಟ ಎಂದು ಹೆಂಡತಿಗೆ ಹೇಳಿದ. ಅವಳು, "ದೀಪ ಆರಿಸಿ, ಮುಲಾಮು ಹಚ್ಕೊಂಡ ಮೇಲೆ ನಿಮಗೆ ದೀಪ ಇದ್ರೂ ಒಂದೇ ಇಲ್ದಿದ್ರೂ ಒಂದೇ," ಎಂದು ಮಗ್ಗುಲಾದಳು.

ಬಸ್ಸಿನಲ್ಲಿ ಕಿಟಕಿಯ ಗಾಳಿಗೆ ಅಂಜಿ ಅವನು ಯಾವಾಗಲೂ ನಡುವಿನ ಸೀಟು ಹುಡುಕುತ್ತಿದ್ದ. ಮುಖದ ಅರ್ಧ ಮುಚ್ಚುವ ಕಪ್ಪು ಕನ್ನಡಕ ಹಾಕಿರುತ್ತಿದ್ದ. ಆದರೂ ಇವತ್ತು ಪಕ್ಕದವನು ಕನ್ನಡಕದ ಸಂದಿಯಿಂದ ಕೆಂಪು ಕಣ್ಣು ನೋಡಿ, ಕಣ್ಣುಬೇನೆ ಅಂಟೀತು ಎಂದುಕೊಂಡು, ಮುಂದಿನ ನಿಲ್ದಾಣದಲ್ಲಿ ಇಳಿಯುವವನಂತೆ ನಟಿಸಿ ಎದ್ದು ಹಿಂದಿನ ಸೀಟಿಗೆ ಹೋಗಿ ಕೂತ. ಅವನಿಗೆ ಬೇಸರವಾಗಲಿಲ್ಲ; ಅಂಟುರೋಗವಾಗಿದ್ದರೆ ಎಷ್ಟು ಚೆನ್ನಾಗಿತ್ತು, ಒಂದು ವಾರಕ್ಕೆ ಹೋಗುತ್ತಿತ್ತು ಎಂದುಕೊಂಡ. ಕಣ್ಣಿನ ಡಾಕ್ಟರು ಕೆಳರೆಪ್ಪೆಗೆ ಒಂದೊಂದು ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕಣ್ಣು ಮುಚ್ಚಿಸಿ ಕೂರಿಸಿದ್ದರು. ಒಳ್ಳೆಯ ಕಣ್ಣಾದರೆ ಕಾಗದ ಹತ್ತು ಮಿಲಿಮೀಟರಿಗಿಂತ ಹೆಚ್ಚು ನೆನೆಯುತ್ತದೆ. ಅವನದು ಎಡಕ್ಕೆ ಎರಡು, ಬಲಕ್ಕೆ ಮೂರು. ಶಾಲೆಯಲ್ಲೂ ಗಣಿತಕ್ಕೆ ಅಷ್ಟೇ ಬರುತ್ತಿತ್ತು ಎಂದು ಅವನು ಹೇಳಿದಾಗ ಡಾಕ್ಟರು ನಗದೆ, ನಿಂತಾಗ ತಲೆ ತಿರುಗುತ್ತದೆಯೇ, ಬೆವರು ಬರುತ್ತದೆಯೇ, ಎದೆ ಡವಡವ ಅನ್ನುತ್ತದೆಯೇ ಎಂದು ಒಂದೊಂದಾಗಿ ಕೇಳಿ, ನರದ ಡಾಕ್ಟರ ಹತ್ತಿರ ಕಳಿಸಿದ್ದರು. ಆ ಡಾಕ್ಟರು ಬಿಡಿಸಿ ಹೇಳಿದರು: ದೇಹದಲ್ಲಿ ನಾವು ಹೇಳದೆ ತಾನಾಗಿ ನಡೆಯುವ ಕೆಲಸಗಳಿವೆ. ನಿಂತ ಕೂಡಲೇ ರಕ್ತವನ್ನು ತಲೆಗೆ ಏರಿಸುವುದು, ಸೆಖೆಗೆ ಬೆವರಿಸುವುದು, ಕಣ್ಣು ಒದ್ದೆಯಾಗಿಡುವುದು. ಅದಕ್ಕೆ ಬೇರೆಯೇ ನರಗಳಿವೆ. ನಿಮ್ಮವು ಸರಿಯಾಗಿ ಕೆಲಸಕ್ಕೆ ಬರುತ್ತಿಲ್ಲ. ಅವತ್ತಿನಿಂದ ಉಳಿದವರಿಗೆ ಪುಕ್ಕಟೆಯಾಗಿ ಆಗುವ ಕೆಲಸಗಳನ್ನೆಲ್ಲ ಅವನು ಕೈಯಾರೆ ಮಾಡಿಕೊಳ್ಳುತ್ತಿದ್ದ. ರೆಪ್ಪೆ ಬಡಿಯುವುದನ್ನು ಕೂಡ ನೆನಪಿಟ್ಟುಕೊಂಡು ಬಡಿಯಬೇಕು. ಹಾಗೆ ನೆನಪಿಟ್ಟುಕೊಳ್ಳಬೇಕಾದವನಿಗೆ ಹೊಟ್ಟೆಪಾಡಿಗೆ ಸಿಕ್ಕಿದ್ದು ಮಾತ್ರ ರೆಪ್ಪೆ ಬಡಿಯಬಾರದ ಕೆಲಸ.

ಗಾಜಿನ ಬಾಟಲಿಗಳು ಬೆಲ್ಟಿನ ಮೇಲೆ ಸಾಲಾಗಿ ಒಂದು ಬಿಳಿ ಬೆಳಕಿನ ಪರದೆಯ ಮುಂದೆ ಹಾದುಹೋಗುತ್ತವೆ, ನಿಮಿಷಕ್ಕೆ ಎಪ್ಪತ್ತು. ಪರದೆಯ ಎದುರು ಸ್ಟೂಲಿನ ಮೇಲೆ ಒಬ್ಬರು ಕೂತು, ಗುಳ್ಳೆ ಇರುವುದು, ಬಿರುಕು ಇರುವುದು, ಕುತ್ತಿಗೆ ಸೊಟ್ಟಗಿರುವುದು ಕಂಡರೆ ಎತ್ತಿ ಪಕ್ಕದ ಡಬ್ಬಕ್ಕೆ ಹಾಕಬೇಕು. ಎಲ್ಲಕ್ಕಿಂತ ಕೆಟ್ಟದ್ದು ಎಳೆ. ಬಾಟಲಿಯ ಒಳಗೆ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಕೂದಲಿನಷ್ಟು ಸಣ್ಣ ಗಾಜಿನ ಎಳೆ ಹಿಡಿದಿರುತ್ತದೆ. ಔಷಧಿ ತುಂಬಿದಾಗ ಮುರಿದು ಅದರಲ್ಲೇ ಸೇರಿಕೊಳ್ಳುತ್ತದೆ. ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಯಾವ ಕಣ್ಣೂ ಅದನ್ನು ನೋಡಲಾರದು ಎಂದು ಸಾಲಿಗೆ ಇಬ್ಬರನ್ನು ಹಾಕಿದ್ದರು. ಒಬ್ಬರು ಅರ್ಧ ಗಂಟೆ ಪರದೆಯ ಮುಂದೆ, ಇನ್ನೊಬ್ಬರು ರಟ್ಟಿನ ಪೆಟ್ಟಿಗೆ ಮಡಿಸುವ ಮೇಜಿನಲ್ಲಿ, ಆಮೇಲೆ ಅದಲುಬದಲು. ಬದಲಾಗುವುದಕ್ಕೂ ನಿಯಮವಿತ್ತು. ಬರುವವರು ಹೆಗಲು ಮುಟ್ಟಬೇಕು, ಕೂತವರು ಏಳಬೇಕು, ಬಂದವರು ಕೂತ ಮೇಲೆ ಗಡಿಯಾರ ನೋಡಿ ರಿಜಿಸ್ಟರಿನಲ್ಲಿ ಸಮಯ ಬರೆದು ಸಹಿ ಹಾಕಬೇಕು. ಬರೆದ ಸಮಯದವರೆಗಿನ ಬಾಟಲಿ ಎದ್ದವರದು, ಅಲ್ಲಿಂದಾಚೆಗಿನದು ಕೂತವರದು. ಮೂರು ಸೆಕೆಂಡಿನ ಕೆಲಸ. ಅವನಿಗೆ ಒಂದು ನಿಮಿಷ ಬೇಕಾಗುತ್ತಿತ್ತು.

ಎರಡು ವರ್ಷದ ಹಿಂದೆ ಹಾಗೆ ಎದ್ದವನಿಗೆ ಕಣ್ಣು ಕತ್ತಲೆ ಬಂದು ಬೆಲ್ಟಿನ ಕಡೆ ವಾಲಿದಾಗ ಹಿಂದಿನಿಂದ ಅಂಗಿ ಹಿಡಿದೆಳೆದವಳು ಅಕ್ಕ. ಹೊಸಬರು ಅವಳ ಬೆನ್ನ ಹಿಂದೆ ಅವಳನ್ನು ಸೂಜಿಗಣ್ಣಿ ಅನ್ನುತ್ತಿದ್ದರು, ಎದುರಿಗೆ ಎಲ್ಲರಿಗೂ ಅಕ್ಕ. ಅವತ್ತು ಮೆಟ್ಟಿಲ ಮೇಲೆ ಕೂತು ಅವನು ತನ್ನ ನರಗಳ ಕಥೆಯನ್ನೆಲ್ಲ ಹೇಳಿದ. ಡಾಕ್ಟರ ಚೀಟಿ ಕಾರ್ಖಾನೆಗೆ ತೋರಿಸಿದರೆ ಪರದೆಯ ಕೆಲಸ ಹೋಗುತ್ತದೆ, ಬೇರೆ ಕೆಲಸವೆಲ್ಲ ನಿಂತೇ ಮಾಡುವಂಥದ್ದು ಎಂದ. ಅವಳು ಪೂರ್ತಿ ಕೇಳಿ, "ಸರಿ ಬಿಡು. ನಾನು ಹೆಗಲು ಮುಟ್ಟಿದ ಕೂಡ್ಲೆ ನೀನು ಕಣ್ಣು ಮುಚ್ಕೊಂಡು ಹನಿ ಹಾಕ್ಕೊ, ನಿಧಾನಕ್ಕೆ ಏಳು. ನಾನು ನಿನ್ನ ತಲೆ ಮೇಲಿಂದ ನೋಡ್ತಿರ್ತೀನಿ," ಎಂದಳು. ಅಂದಿನಿಂದ ಅವಳು ನಿಂತುಕೊಂಡೇ ಸಮಯ ಬರೆದು ಸಹಿ ಹಾಕುತ್ತಿದ್ದಳು. ಆ ಒಂದು ನಿಮಿಷ ಅವಳು ನಿಂತು ನೋಡುತ್ತಿದ್ದಳು, ಅವನು ಕಣ್ಣು ಮುಚ್ಚಿ ತೊಡೆ ಬಿಗಿಹಿಡಿದು ಕೂತಿರುತ್ತಿದ್ದ. ದಿನಕ್ಕೆ ಎಂಟು ಸಲ. ಆ ವಿಷಯ ಮತ್ತೆ ಅವರ ನಡುವೆ ಬರಲೇ ಇಲ್ಲ. ಒಮ್ಮೆ ಮಾತ್ರ ಕ್ಯಾಂಟೀನಿನಲ್ಲಿ ಅಕ್ಕ ಯಾರ ಹತ್ತಿರವೋ, "ಪಾಪ, ಒಳ್ಳೆ ಹುಡುಗ," ಎಂದದ್ದು ಅವನ ಕಿವಿಗೆ ಬಿತ್ತು. ನಲವತ್ತೊಂದರ ಅವನನ್ನು ಹುಡುಗ ಅಂದದ್ದಕ್ಕೆ ಬೇಸರವಿರಲಿಲ್ಲ. ಆ 'ಪಾಪ' ಎಂಬ ಮಾತು ಮಾತ್ರ ಮೈಮೇಲೆ ಹಲ್ಲಿ ಬಿದ್ದ ಹಾಗಾಯಿತು. ಅವತ್ತು ಮನೆಗೆ ಹೋಗಿ ನೀರಿಗೆ ಉಪ್ಪು ಹೆಚ್ಚಾಯಿತೆಂದು ಹೆಂಡತಿಯ ಮೇಲೆ ಹಾರಾಡಿದ್ದ. ಹೆಂಡತಿ ಲೋಟ ಎತ್ತಿಕೊಂಡು ಒಂದು ಗುಟುಕು ಕುಡಿದು ನೋಡಿ, ಮುಖ ಕಿವುಚಿ, ದಿನಾ ಇದನ್ನು ಹೇಗೆ ಕುಡಿಯುತ್ತೀರಿ ಎಂದು ಕೇಳಿದ್ದಳು. ಅದಕ್ಕೂ ಅವನಿಗೆ ನಾಚಿಕೆಯಾಗಿತ್ತು.

ಹೋದ ತಿಂಗಳ ಹದಿನೇಳನೇ ತಾರೀಖು ಹನ್ನೊಂದೂವರೆಗೆ ಅಕ್ಕ ಹೆಗಲು ಮುಟ್ಟಿದಳು, ಸಮಯ ಬರೆದಳು. ಅವನು ಹನಿ ಹಾಕಿಕೊಂಡು ಎದ್ದ. ಕತ್ತಲೆ ಬಂತು, ಹೋಗಲಿಲ್ಲ. ಸಾಮಾನ್ಯವಾಗಿ ಅದು ಅಂಚಿನಿಂದ ಕರಗುತ್ತ ಬರುತ್ತಿತ್ತು; ಅವತ್ತು ದಪ್ಪವಾಗುತ್ತಲೇ ಹೋಯಿತು. ತೋಳಿನ ಮೇಲೆ ಅಕ್ಕನ ಕೈ ಬಿದ್ದದ್ದು, ಎರಡು ಕೈ ಬಿದ್ದದ್ದು, "ತಲೆ ತಗ್ಗಿಸು, ತಗ್ಗಿಸು," ಎಂದು ಅವಳು ಅವನ ಮುಖದ ಹತ್ತಿರವೇ ಹೇಳಿದ್ದು ಅವನಿಗೆ ಸ್ಪಷ್ಟವಾಗಿ ನೆನಪಿತ್ತು. ಮುಖದ ಹತ್ತಿರ. ಅಂದರೆ ಅವಳ ಕಣ್ಣು ಪರದೆಯ ಕಡೆ ಇರಲಿಲ್ಲ. ಒಂದು ನಿಮಿಷ ಆ ಬೆಲ್ಟಿನ ಮುಂದೆ ನಾಲ್ಕು ಕಣ್ಣಿದ್ದವು, ಒಂದೂ ಬಾಟಲಿ ನೋಡುತ್ತಿರಲಿಲ್ಲ. ಪೆಟ್ಟಿಗೆಯ ಮೇಲೆ ಸಮಯ ಅಚ್ಚಾಗಿರುತ್ತದೆ. ಏಳು ಬಾಟಲಿಯಲ್ಲಿ ಎಳೆ ಇದೆಯೆಂದು ಔಷಧಿ ಕಂಪನಿಯವರು ವಾಪಸು ಕಳಿಸಿದ ಪೆಟ್ಟಿಗೆಯ ಮೇಲೆ ಹನ್ನೊಂದು ಮೂವತ್ತೊಂದು ಎಂದಿತ್ತಂತೆ.

ಇವತ್ತು ಎಂಟರಿಂದ ಹನ್ನೊಂದರವರೆಗೆ ಇಬ್ಬರೂ ದಿನದ ಹಾಗೆಯೇ ಕೆಲಸ ಮಾಡಿದರು. ಮೂರು ಸಲ ಹೆಗಲು ಮುಟ್ಟಿದಳು, ಮೂರು ಸಲ ಎದ್ದ. ಎರಡು ಎಳೆ ಬಾಟಲಿ ಅವನಿಗೇ ಸಿಕ್ಕಿದವು. ಒಂದನ್ನು ಡಬ್ಬಕ್ಕೆ ಹಾಕುವಾಗ, ಇದರಿಂದ ಏನಾದರೂ ಸರಿಹೋದೀತೇ ಎಂಬ ಪೆದ್ದು ಆಸೆ ಹುಟ್ಟಿ, ಆ ಆಸೆಯನ್ನು ತಾನೇ ನೋಡಿ ನಗು ಬಂತು. ಪೆಟ್ಟಿಗೆ ಮಡಿಸುತ್ತಿದ್ದ ಅಕ್ಕ ನಡುವೆ ಒಮ್ಮೆ ಆಕಳಿಸಿದಳು. ಶಿಕ್ಷೆಗೆ ಕಾದಿರುವವಳು ಆಕಳಿಸಬಹುದೇ? ಅವನಿಗೆ ಅದೂ ಅವಳ ದೊಡ್ಡತನವಾಗಿಯೇ ಕಂಡಿತು.

ಸಾಹೇಬರ ಕೋಣೆಯಲ್ಲಿ ಎದುರಿಗೆ ಎರಡೇ ಕುರ್ಚಿ. ಒಂದರ ಮೇಲೆ ಫೈಲುಗಳ ರಾಶಿ, ಇನ್ನೊಂದರ ಮೇಲೆ ಆ ಪೆಟ್ಟಿಗೆ. ಹಾಗಾಗಿ ಇಬ್ಬರೂ ನಿಂತರು. ಏಸಿಯ ಗಾಳಿ ನೇರವಾಗಿ ಅವನ ಮುಖಕ್ಕೇ ಬೀಸುತ್ತಿತ್ತು. ಕಣ್ಣು ಉರಿಯತೊಡಗಿ, ಅವನು ಪಟಪಟನೆ ರೆಪ್ಪೆ ಬಡಿದ. ನಿಂತಲ್ಲೇ ರಕ್ತ ಕಾಲಿಗಿಳಿಯದ ಹಾಗೆ ಒಂದು ಕಾಲಿಗೆ ಇನ್ನೊಂದನ್ನು ಹೆಣೆದು ತೊಡೆ ಬಿಗಿಹಿಡಿದ. ಸಾಹೇಬರು ಒಂದೆರಡು ಸಲ ನೋಡಿ, ದನಿ ತಗ್ಗಿಸಿ, "ಅರ್ಜೆಂಟಿದ್ರೆ ಹೋಗಿ ಬನ್ನಿ, ಬಲಗಡೆ ಎರಡನೇ ಬಾಗಿಲು," ಎಂದರು. ಅವನು ಇಲ್ಲ ಸರ್ ಎಂದ. ಸಾಹೇಬರು ಪೆಟ್ಟಿಗೆಯಿಂದ ಒಂದು ಬಾಟಲಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಒಳಗಿನ ಎಳೆ ಅವನಿಗೆ ನಿಂತಲ್ಲಿಂದಲೇ ಕಂಡಿತು. ನಡುವೆ ಒಂಚೂರು ಜೋತುಬಿದ್ದು, ನೋಡುವುದಕ್ಕೆ ಚೆನ್ನಾಗಿಯೇ ಇತ್ತು.

"ಮಕ್ಕಳ ಕೆಮ್ಮಿನ ಔಷಧಿ ತುಂಬೋ ಬಾಟಲಿ ಇದು," ಎಂದರು ಸಾಹೇಬರು. "ಅವರು ತುಂಬೋ ಮುಂಚೆ ನೋಡಿದ್ರು, ನಮ್ಮ ಪುಣ್ಯ. ಹನ್ನೊಂದು ಮೂವತ್ತೊಂದು. ರಿಜಿಸ್ಟರ್ ಪ್ರಕಾರ ನಿಮ್ಮ ಟೈಮು."

"ಹೌದು ಸರ್. ನಂದೇ," ಎಂದಳು ಅಕ್ಕ. "ಅವತ್ತು ಕಣ್ತಪ್ಪಿತು."

"ಏಳೂ?"

"ಒಂದಾದ ಮೇಲೆ ಒಂದು ಬಂದಿರ್ಬೇಕು ಸರ್. ಒಂದೇ ಸಲಕ್ಕೆ ತಪ್ಪಿರುತ್ತೆ."

ಸಾಹೇಬರು ನಿಟ್ಟುಸಿರು ಬಿಟ್ಟರು. ಹತ್ತೊಂಬತ್ತು ವರ್ಷದಲ್ಲಿ ನಿಮ್ಮ ಮೇಲೆ ಒಂದು ದೂರಿಲ್ಲ, ಮೇಲಿನವರಿಗೆ ಅದನ್ನೇ ಬರೆದಿದ್ದೇನೆ, ಮೂರು ತಿಂಗಳು ಪ್ಯಾಕಿಂಗಿನಲ್ಲಿರಿ, ಆಮೇಲೆ ವಾಪಸು ಬನ್ನಿ, ಇಲ್ಲೊಂದು ಸಹಿ ಹಾಕಿ ಎಂದರು. ಎಲ್ಲ ಸೇರಿ ನಾಲ್ಕು ನಿಮಿಷವಾಗಿತ್ತು. ಅವನು ಮಾಡಬೇಕಾದದ್ದು ಇಷ್ಟೇ: ಉಸಿರಾಡಿಕೊಂಡು ನಿಂತಿರುವುದು. ಅಕ್ಕ ಬಗ್ಗಿ ಪೆನ್ನಿನ ಮುಚ್ಚಳ ತೆಗೆದಳು. ಅವಳ ಬೆನ್ನು ಅವನ ಕಡೆಗಿತ್ತು. ಆ ಬಗ್ಗಿದ ಬೆನ್ನನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ. ಇನ್ನು ಉಳಿದ ಜೀವಮಾನವಿಡೀ ಇದರ ಕೆಳಗೆ ಬದುಕಬೇಕು ಎನ್ನಿಸಿತು.

"ಸರ್, ಅದು ಅವರದಲ್ಲ. ನನ್ನದು."

ಒಮ್ಮೆ ಬಾಯಿ ಬಿಟ್ಟ ಮೇಲೆ ಮಾತು ತಾನಾಗಿ ಬಂತು. ಎಷ್ಟೋ ವರ್ಷದ ಮೇಲೆ ಅವನ ದೇಹದಲ್ಲಿ ತಾನಾಗಿ ನಡೆದ ಕೆಲಸ ಅದೊಂದೇ ಇರಬೇಕು. ಕಾಗದದ ಪಟ್ಟಿ, ಉಪ್ಪುನೀರು, ಪ್ಯಾಂಟಿನೊಳಗಿನ ಕಾಲುಚೀಲ, ಹನಿ, ಕತ್ತಲೆ, ಹದಿನೇಳನೇ ತಾರೀಖು, ತೋಳಿನ ಮೇಲೆ ಬಿದ್ದ ಎರಡು ಕೈ. ಹೇಳುತ್ತ ಹೇಳುತ್ತ ಎದೆ ಹಗುರಾಯಿತು. ಚೆನ್ನಾಗಿ ಹೇಳುತ್ತಿದ್ದೇನೆ ಎಂದು ಕೂಡ ಅನ್ನಿಸಿತು. ಪ್ಯಾಂಟಿನ ಅಂಚು ಎತ್ತಿ ಕಾಲುಚೀಲ ತೋರಿಸಿದ. ಅಕ್ಕ ಪೆನ್ನು ಹಿಡಿದುಕೊಂಡೇ ತಿರುಗಿದಳು. "ಹಾಗೇನಿಲ್ಲ ಸರ್, ನಾನೇ ನೋಡ್ತಿದ್ದೆ, ಅವನಿಗೇನು ಗೊತ್ತು," ಎಂದಳು, ಅವಸರದಲ್ಲಿ. ಅವಳು ಅವಸರಪಟ್ಟದ್ದನ್ನು ಅವನು ಅದುವರೆಗೆ ನೋಡಿರಲಿಲ್ಲ. ಇನ್ನೂ ತನ್ನನ್ನೇ ಕಾಪಾಡುತ್ತಿದ್ದಾಳೆ ಎಂದುಕೊಂಡ. "ಸುಳ್ಳು ಸರ್," ಎಂದ, "ಎರಡು ವರ್ಷದಿಂದ ದಿನಾ ಎಂಟು ಸಲ ನನಗೋಸ್ಕರ ಹೀಗೆ ಮಾಡ್ತಿದಾರೆ. ನಾನು ಏಳೋದು ಲೇಟು, ಇವರು ಕೂರೋ ಮುಂಚೆನೇ ಟೈಮ್ ಬರೀತಾರೆ. ಇವರದೇನೂ ತಪ್ಪಿಲ್ಲ."

ಸಾಹೇಬರು ಬಾಟಲಿ ಕೆಳಗಿಟ್ಟರು. "ಎರಡು ವರ್ಷ," ಎಂದರು. ಅವನ ಕಡೆ ನೋಡಲಿಲ್ಲ, ಅಕ್ಕನನ್ನು ನೋಡಿದರು. "ದಿನಕ್ಕೆ ಎಂಟು ಸಲ ರಿಜಿಸ್ಟರಲ್ಲಿ ಸುಳ್ಳು ಟೈಮ್ ಬರೆದಿದೀರಾ ನೀವು?"

ಸಾಹೇಬರು ಮೇಜಿನ ಮೇಲಿನ ಕಾಗದವನ್ನು ನಿಧಾನವಾಗಿ ತಮ್ಮ ಕಡೆಗೆ ಎಳೆದುಕೊಂಡರು. ಅದು ಬರೀ ಕಣ್ತಪ್ಪಿಗೆಂದು ಬರೆದ ಕಾಗದ. ಇದಕ್ಕೆ ಬೇರೆ ಕಾಗದ ಬೇಕಾಗಿತ್ತು. ಕಣ್ತಪ್ಪಿದ್ದರೆ ಪ್ಯಾಕಿಂಗು, ದಾಖಲೆ ತಿದ್ದಿದವರ ವಿಷಯ ತಮ್ಮ ಕೈಯಲ್ಲಿಲ್ಲ, ಮೇಲಕ್ಕೆ ಹೋಗುತ್ತದೆ, ಅಲ್ಲಿವರೆಗೆ ನಾಳೆಯಿಂದ ಕೆಲಸಕ್ಕೆ ಬರುವುದು ಬೇಡ ಎಂದರು. ಆಮೇಲೆ ಕುರ್ಚಿಯ ಮೇಲಿನ ಪೆಟ್ಟಿಗೆಯನ್ನು ತಾವೇ ಎತ್ತಿ ನೆಲಕ್ಕಿಟ್ಟು, ಅವನಿಗೆ, "ನೀವು ಕೂತ್ಕೊಳ್ಳಿ, ಮೊದಲೇ ಹೇಳ್ಬಾರ್ದಾ? ಕಾಯಿಲೆ ನಿಮ್ಮ ತಪ್ಪಲ್ಲ. ಸ್ಟೋರಲ್ಲಿ ಕೂತು ಮಾಡೋ ಕೆಲಸ ಒಂದು ಖಾಲಿ ಇದೆ, ನೋಡೋಣ," ಎಂದರು. ದನಿಯಲ್ಲಿ ನಿಜವಾದ ಕನಿಕರವಿತ್ತು. ಅವನು ಕೂರಲಿಲ್ಲ. ಕೂರಬೇಕೆಂದು ಕಾಲು ಬೇಡುತ್ತಿತ್ತು. ಹದಿನಾಲ್ಕು ತಿಂಗಳ ಸರ್ವೀಸು ಉಳಿದಿತ್ತು ಸರ್ ಎಂದು ಅಕ್ಕ ಹೇಳಿದಳು, ಯಾರಿಗೂ ಅಲ್ಲ ಎಂಬಂತೆ. ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು.

ಹೊರಗಿನ ಓಣಿ ಉದ್ದವಾಗಿ ಖಾಲಿಯಾಗಿತ್ತು. ಅಕ್ಕ ಮುಂದೆ ಹೋಗುತ್ತಿದ್ದಳು, ಅವನು ಹಿಂದೆ. ಹತ್ತು ಹೆಜ್ಜೆಗೆ ಕತ್ತಲೆ ಬಂತು. ಗೋಡೆಗೆ ಕೈಕೊಟ್ಟು ನಿಂತ. ಅವಳ ಚಪ್ಪಲಿಯ ಸದ್ದು ನಿಂತಿತು, ತಿರುಗಿತು, ಹತ್ತಿರ ಬಂತು. ತೋಳು ಹಿಡಿಯುತ್ತಾಳೆ ಎಂದು ಕಾದ. ಹಿಡಿಯಲಿಲ್ಲ, ಪಕ್ಕದಲ್ಲಿ ನಿಂತಳು ಅಷ್ಟೇ. ಬೆಳಕು ಅಂಚಿನಿಂದ ಬರತೊಡಗಿದಾಗ ಮೊದಲು ಅವಳ ಸೀರೆಯ ನೆರಿಗೆ ಕಂಡಿತು, ಆಮೇಲೆ ಕೈ, ಆಮೇಲೆ ಮುಖ. ಮುಖದಲ್ಲಿ ಸಿಟ್ಟಿತ್ತು. ಇಷ್ಟು ಹತ್ತಿರದಿಂದ, ಇಷ್ಟು ಸ್ಪಷ್ಟವಾಗಿ ಅವನು ಆ ಮುಖವನ್ನು ಯಾವತ್ತೂ ನೋಡಿರಲಿಲ್ಲ. ಎರಡು ವರ್ಷ ಅವಳು ಬಂದು ನಿಂತಾಗಲೆಲ್ಲ ಅವನ ಕಣ್ಣು ಮುಚ್ಚಿರುತ್ತಿತ್ತು.

"ಬೆಳಗ್ಗೆ ತಪ್ಪು ಮಾಡಿದೋಳಾಗಿ ಒಳಗೆ ಹೋದೆ," ಎಂದಳು. "ಸುಳ್ಳು ಬರೆದೋಳಾಗಿ ಆಚೆ ಬಂದೆ."

"ನೀವು ನನಗೋಸ್ಕರ ತಲೆ ಕೊಡ್ತಿದ್ರಿ ಅಕ್ಕಾ. ನನಗೆ ನೋಡೋಕಾಗ್ಲಿಲ್ಲ."

"ನಿನಗೋಸ್ಕರ ಅಂತ ಯಾರಂದ್ರು?" ಅವಳ ದನಿ ಏರಲಿಲ್ಲ. "ನಾನು ಎಲ್ಲಾ ಯೋಚನೆ ಮಾಡಿದ್ದೆ. ಮೂರು ತಿಂಗಳು ಪ್ಯಾಕಿಂಗು, ಹನ್ನೊಂದು ತಿಂಗಳು ಪರದೆ, ಆಮೇಲೆ ಮನೆ. ಅಷ್ಟೇ ಇದ್ದದ್ದು. ಸುಮ್ನಿರು ಅಂದ್ರೆ ಸುಮ್ನಿರು ಅಂತಾನೇ ಅರ್ಥ. ನಿನ್ನ ಮನಸ್ಸು ಹಗುರ ಮಾಡ್ಕೊಳ್ಳಕ್ಕೆ ನನ್ನ ಯಾಕೆ ಎಳೆದೆ?"

ಕ್ಷಮಿಸಿ ಎಂಬ ಮಾತು ಬಾಯಿಗೆ ಬಂತು, ಅದನ್ನೂ ಹೇಳಿ ಹಗುರಾಗುವುದು ಬೇಡವೆನ್ನಿಸಿ ನುಂಗಿಕೊಂಡ. ಅವಳು ದೊಡ್ಡ ಮನಸ್ಸಿನವಳಾಗಿರಲಿಲ್ಲ, ಹುತಾತ್ಮಳಾಗಿರಲಿಲ್ಲ. ಉಳಿದ ತಿಂಗಳುಗಳನ್ನು ಹೇಗೋ ದಾಟಿಸಿಕೊಂಡು ಮನೆ ಸೇರಬೇಕೆಂದಿದ್ದ ಹೆಂಗಸು. ಅವಳ ಬಗ್ಗೆ ಅವನು ರಾತ್ರಿಯಿಡೀ ಯೋಚಿಸಿದ್ದ, ಆದರೆ ಅವಳನ್ನು ಒಂದು ಮಾತು ಕೇಳಿರಲಿಲ್ಲ. ಎರಡು ವರ್ಷದಲ್ಲಿ ಏನನ್ನೂ ಕೇಳಿರಲಿಲ್ಲ.

"ಅಕ್ಕಾ," ಎಂದ. "ದಿನಾ ಎಂಟು ಸಲ ನನ್ನ ಹಿಂದೆ ಹಾಗೆ ನಿಂತಿರೋದು ನಿಮಗೆ ಕಷ್ಟ ಆಗ್ತಿತ್ತಾ?"

"ಆಗ್ತಿತ್ತು," ಎಂದಳು. ಚೀಲವನ್ನು ಹೆಗಲಿಗೇರಿಸಿಕೊಂಡು, "ನಾನು ಹೊರಡ್ಲಾ? ಒಬ್ನೇ ನಿಂತ್ಕೋತೀಯಾ?" ಎಂದು ಕೇಳಿದಳು.

"ನಿಂತ್ಕೋತೀನಿ," ಎಂದ.

ಅವಳು ಹೋದಳು. ಓಣಿಯ ತಿರುವಿನಲ್ಲಿ ಅವಳು ಮರೆಯಾಗುವವರೆಗೆ ಅವನು ಗೋಡೆ ಬಿಟ್ಟು ನೆಟ್ಟಗೆ ನಿಂತಿದ್ದ. ಆಮೇಲೆ ನೆಲದ ಮೇಲೆ ಕೂತ.